ಎಪ್ಪತ್ತೈದು ಸಾವಿರ ರೂಪಾಯಿ, ಮೂರು ಕಿಲೋಮೀಟರ್ ಕೆಸರು

ಹಳೇ ಜೀಪು ಇಟ್ಕೊಂಡಿರೋರ ಮನೇಲಿ ಒಂದು ಜಗಳ ಖಾಯಂ. ಕೈಗೆ ನಾಲ್ಕು ಕಾಸು ಬಂದ ಕೂಡ್ಲೆ ಗಾಡಿಗೆ ಮೊದಲು ಏನು ಹಾಕ್ಸೋದು ಅಂತ. ಟೈರಾ, ವಿಂಚಾ, ಎತ್ತರ ಮಾಡ್ಸೋದಾ, ಲೈಟಾ? ಅಂಗಡಿಗೆ ಹೋದ್ರೆ ಎಲ್ಲಾನೂ ಮೊದಲು ಬೇಕಾದದ್ದೇ! ನಮ್ಮ ಮನೇಲೂ ಈ ಸಲ ಹೊಗೆಸೊಪ್ಪು ಮಾರಿದ ಮೇಲೆ ಇದೇ ಚರ್ಚೆ ಹದಿನೈದು ದಿನ ನಡೀತು. ಅದರ ಲೆಕ್ಕಾಚಾರ ಇಲ್ಲಿ ಬರೆದಿಡ್ತಾ ಇದೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು.

ಮೊದಲು ನಮ್ಮ ನೆಂಟಸ್ತನದ ನಕ್ಷೆ ಹೇಳ್ಬೇಕು. ನಾನಿರೋದು ಹುಣಸೂರಲ್ಲಿ. ಅಕ್ಕನ್ನ ಕೊಟ್ಟಿರೋದು ಪಿರಿಯಾಪಟ್ಟಣದ ಕಡೆ, ಬೆಟ್ಟದಪುರದ ಹತ್ರ. ಹೆಂಡತಿ ತವರು ಕೆ.ಆರ್. ನಗರ. ದೊಡ್ಡಮ್ಮ ಮತ್ತು ಅವರ ಮಗ, ಅಂದ್ರೆ ನಮ್ಮಣ್ಣ, ಇರೋದು ಎಚ್.ಡಿ. ಕೋಟೆ ತಾಲೂಕಿನ ಅಂತರಸಂತೆಯಿಂದ ಒಳಗೆ, ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ತೋಟದ ದಾರೀಲಿ. ಅಣ್ಣ ನಾನು ಸೇರಿ ತಗೊಂಡ ಸೆಕೆಂಡ್ ಹ್ಯಾಂಡ್ ಮಹೀಂದ್ರಾ ಥಾರ್, 2013ರ ಮಾಡೆಲ್ಲು, ಫೋರ್ ವೀಲ್ ಡ್ರೈವ್. ಗಾಡಿ ಇರೋದು ಅಣ್ಣನ ಮನೇಲೇ.

ಕಾರಣ ದೊಡ್ಡಮ್ಮ. ಹೋದ ವರ್ಷದಿಂದ ಅವರಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗ್ಬೇಕು, ಅರವತ್ತು ಕಿಲೋಮೀಟರ್ ಆಸುಪಾಸು, ಬೆಳಗಿನ ಪಾಳಿ. ಮಳೆ ಇದೆ ನಾಳೆ ಹೋಗೋಣ ಅನ್ನೋ ಹಾಗಿಲ್ಲ. ಒಂದು ಸಲ ತಪ್ಪಿದ್ರೆ ಮೈಯಲ್ಲಿ ನೀರು ನಿಲ್ಲುತ್ತೆ, ಮಲಗಿದ್ರೆ ಉಸಿರು ಕಟ್ಟುತ್ತೆ. ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಮನೆಯಿಂದ ಒಂದೂವರೆ ಕಿಲೋಮೀಟರಲ್ಲೇ ಗಾಡಿ ಹೂತುಕೊಂಡು, ಪಕ್ಕದ ಹೊಲದವರ ಟ್ರ್ಯಾಕ್ಟರ್ ಬರೋ ಹೊತ್ತಿಗೆ ಎರಡು ಗಂಟೆ ಕಳೀತು. ಪುಣ್ಯಕ್ಕೆ ಮುಂದಿನ ಪಾಳೀಲಿ ಹಾಸಿಗೆ ಸಿಕ್ತು. ಈ ಮಳೆಗಾಲಕ್ಕೆ ಮುಂಚೆ ಏನಾದ್ರೂ ಮಾಡ್ಲೇಬೇಕು ಅಂತ ಅಣ್ಣ, ಸಾಲ, ಸೌದೆ, ಕೂಲಿ ಎಲ್ಲ ಕಳೆದು ಎಪ್ಪತ್ತೈದು ಸಾವಿರ ತೆಗೆದಿಟ್ರು.

ಅಣ್ಣನ ಮಗ ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಾನೆ. ಅವನ ಪಟ್ಟಿ ರೆಡಿ ಇತ್ತು. "ಚಿಕ್ಕಪ್ಪ, ಮೂರಿಂಚು ಲಿಫ್ಟ್, ಮುಂದೆ ಕಬ್ಬಿಣದ ಬಂಪರ್, ಅದಕ್ಕೊಂದು ವಿಂಚ್, ಮೇಲೊಂದು ಲೈಟ್ ಬಾರ್, ಒಂದು ಸ್ನಾರ್ಕೆಲ್!" ಅಷ್ಟಕ್ಕೆ ನಮ್ಮ ದುಡ್ಡು ಸಾಲಲ್ಲ ಅನ್ನೋದು ಅವನಿಗೂ ಗೊತ್ತು. ಯಾವುದು ಮೊದಲು ಅನ್ನೋದೇ ಪ್ರಶ್ನೆ. ನಾನಂದೆ, "ಬಾರೋ, ಮೊದಲು ದಾರಿ ನಡ್ಕೊಂಡು ಬರೋಣ." ಮಳೆ ಬಿದ್ದ ಮಾರನೇ ದಿನ ಮೂರು ಕಿಲೋಮೀಟರೂ ನಡೆದ್ವಿ. ಗಾಡಿ ನಿಲ್ಲೋ ಜಾಗ ಬರೀ ಮೂರು.

ಒಂದು, ಕೆರೆ ಕೋಡಿ ಪಕ್ಕದ ತಗ್ಗು. ಎರೆ ಮಣ್ಣು. ಟೈರಿನ ಗೆರೆಗಳಿಗೆಲ್ಲ ಮೆತ್ಕೊಂಡು ಟೈರು ಬೋಂಡಾ ಥರ ನುಣ್ಣಗಾಗುತ್ತೆ :) ಎರಡು, ಕೆಂಪು ಮಣ್ಣಿನ ಏರು. ಮೇಲಿನ ಎರಡಿಂಚು ಜಾರುತ್ತೆ, ಕೆಳಗೆ ಗಟ್ಟಿ. ಮೂರು, ಟ್ರ್ಯಾಕ್ಟರ್ ಚಕ್ರ ಓಡಿ ಓಡಿ ಬಿದ್ದಿರೋ ಆಳದ ಜಾಡು. ಅಲ್ಲಿ ನಮ್ಮ ಗಾಡಿ ಡಿಫರೆನ್ಷಿಯಲ್ ನಡುವಿನ ದಿಬ್ಬಕ್ಕೆ ಕೂತ್ಕೊಳ್ಳುತ್ತೆ.

ಆಮೇಲೆ ಅವನ ಪಟ್ಟಿ ಹಿಡ್ಕೊಂಡು ಕೂತ್ವಿ.

ಲಿಫ್ಟ್ ಮಾಡ್ಸಿದ್ರೆ ಮೇಲೆ ಹೋಗೋದು ಬಾಡಿ ಮತ್ತೆ ಛಾಸಿ. ಹಿಂದಿನ ಆಕ್ಸಲ್ಲು, ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ. ಅದು ಮೇಲೇಳ್ಬೇಕಾದ್ರೆ ಟೈರು ದೊಡ್ಡದಾಗ್ಬೇಕು. ಎರಡಿಂಚು ದೊಡ್ಡ ಟೈರಿಗೆ ಸಿಗೋದು ಒಂದಿಂಚು. ಮೂರನೇ ಜಾಗಕ್ಕೆ ಲಿಫ್ಟ್ ಮದ್ದಲ್ಲ. ಮೇಲಾಗಿ ಹಳೇ ಥಾರ್ ಮುಂದುಗಡೆ ಟಾರ್ಷನ್ ಬಾರ್ ಸಸ್ಪೆನ್ಷನ್, ಜಾಸ್ತಿ ಎತ್ತಿದ್ರೆ ಮುಂದಿನ ಆಕ್ಸಲ್ ಜಾಯಿಂಟುಗಳ ಕೋನ ಕೆಟ್ಟು ಬೇಗ ಸವೀತವೆ. ಇದೆಲ್ಲಕ್ಕಿಂತ ದೊಡ್ಡ ಮಾತು ಅಂದ್ರೆ, ಎಪ್ಪತ್ತು ದಾಟಿರೋ ದೊಡ್ಡಮ್ಮ ಈಗಿರೋ ಎತ್ತರಕ್ಕೇ ಹತ್ತೋಕೆ ಕಷ್ಟಪಡ್ತಾರೆ. ಹುಡುಗ ಇಲ್ಲಿ ಸುಮ್ಮನಾದ.

ಸ್ನಾರ್ಕೆಲ್ ಬೇಕಾಗೋದು ನೀರಿಗಿಳಿದಾಗ. ಇಂಜಿನ್ ಒಳಗೆ ಗಾಳಿ ದಾರೀಲಿ ನೀರು ಹೋದ್ರೆ ಕನೆಕ್ಟಿಂಗ್ ರಾಡೇ ಬಗ್ಗಬಹುದು, ಅದು ನಿಜ. ಆದ್ರೆ ಲಕ್ಷ್ಮಣತೀರ್ಥ ತುಂಬಿ ಹರಿಯುವಾಗ, ಕಬಿನಿ ಹಿನ್ನೀರು ಏರಿದಾಗ ರೋಗಿ ಕೂರಿಸ್ಕೊಂಡು ಯಾರು ನೀರಿಗಿಳೀತಾರೆ? ಬೇಡ.

ಲೈಟ್ ಬಾರ್? ಮಾನಂದವಾಡಿ ರಸ್ತೆಯ ಕಾಡಿನ ಭಾಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡೋದೇ ಇಲ್ಲ, ನಮಗೆ ಆ ಕಡೆ ಕೆಲಸಾನೂ ಇಲ್ಲ. ತೋಟದ ದಾರೀಲಿ ಆನೆ ಎದುರಾದ್ರೆ ಅದರ ಕಣ್ಣಿಗೆ ಲೈಟ್ ಬಿಡೋದಕ್ಕಿಂತ ದೂರದಲ್ಲೇ ನಿಲ್ಲೋದು ಕ್ಷೇಮ. ಇದ್ದ ಹೆಡ್‌ಲೈಟ್ ಗಾಜು ಉಜ್ಜಿಸಿದ್ವಿ, ಸಾಕಾಯ್ತು.

ಕಬ್ಬಿಣದ ಬಂಪರಿಗೆ ಕಾನೂನೇ ಅಡ್ಡ. 2017ರ ಡಿಸೆಂಬರಲ್ಲಿ ಕೇಂದ್ರ ಸಾರಿಗೆ ಇಲಾಖೆ ಇಂಥ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೀತು. 2019ರ ಜನವರೀಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ಮೂಲ ರೂಪಕ್ಕೆ ಹೊಂದದ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಅಂತ ಹೇಳ್ತು. ವಾರಕ್ಕೆರಡು ದಿನ ಮೈಸೂರಿಗೆ ಹೋಗೋ ಗಾಡೀಲಿ ಪೊಲೀಸರ ಜೊತೆ ವಾದ ಮಾಡ್ತಾ ನಿಲ್ಲೋಕಾಗುತ್ತಾ? ಬಂಪರ್ ಇಲ್ಲದ ಮೇಲೆ ವಿಂಚಿನ ಮಾತೂ ಬಿತ್ತು. ಇನ್ನು ವಿಂಚಿಗೆ ಕಟ್ಟೋಕೆ ಗಟ್ಟಿ ಮರ ಬೇಕು. ಆ ಮೂರು ಜಾಗದ ಸುತ್ತ ಇರೋದೆಲ್ಲ ಬಯಲು ಹೊಲ. ನಮ್ಮ ಕಡೆ ವಿಂಚ್ ಅಂದ್ರೆ ಟ್ರ್ಯಾಕ್ಟರೇ.

ಹಾಗಾದ್ರೆ ತಗೊಂಡಿದ್ದೇನು? ಇದೇ ಕ್ರಮದಲ್ಲಿ:

ಮೊದಲು ಇರೋದನ್ನ ಸರಿ ಮಾಡ್ಸಿದ್ದು. ಬ್ರೇಕು, ಗೇರ್ ಆಯಿಲ್, ವೀಲ್ ಬೇರಿಂಗು, ಫೋರ್ ವೀಲ್ ನಿಜವಾಗ್ಲೂ ಬೀಳುತ್ತಾ ಅನ್ನೋ ಪರೀಕ್ಷೆ. ಒಂಬತ್ತು ಸಾವಿರ.

ಎರಡನೇದು ಟೈರು. ಕಂಪನಿ ಅಳತೆಯದೇ, 235/70 ಆರ್16, ಆಲ್ ಟೆರೇನ್, ನಾಲ್ಕು. ನಲವತ್ತೆಂಟು ಸಾವಿರ. ಮಡ್ ಟೈರು ಕೆಸರಲ್ಲಿ ಇನ್ನೂ ಚೆನ್ನಾಗಿ ಮಣ್ಣು ಕೊಡವುತ್ತೆ. ಆದ್ರೆ ನಮ್ಮ ಓಡಾಟ ಮೂರು ಕಿಲೋಮೀಟರ್ ಕೆಸರು, ಮಿಕ್ಕಿದ್ದೆಲ್ಲ ಟಾರು. ಒದ್ದೆ ಟಾರಲ್ಲಿ ಬ್ರೇಕ್ ಹಿಡಿಯೋದು ಮುಖ್ಯ, ಗಾಡಿ ಒಳಗೆ ಸದ್ದು ಕಮ್ಮಿ ಇರೋದೂ ಮುಖ್ಯ. ವಾಪಸ್ ಬರುವಾಗ ದೊಡ್ಡಮ್ಮ ನಿದ್ದೆ ಮಾಡ್ಬೇಕಲ್ಲ. ಬೆಟ್ಟದಪುರದ ಕಡೆಯ ಕಲ್ಲು ದಾರಿಗೂ ಇದೇ ಸರಿ. ಎರಡೇ ಹಾಕ್ಸೋಣ ಅಂತ ಒಂದು ಮಾತು ಬಂತು. ಫೋರ್ ವೀಲ್ ಡ್ರೈವಲ್ಲಿ ಮುಂದಿನ ಹಿಂದಿನ ಟೈರು ಸುತ್ತಳತೆ ಬೇರೆ ಆದ್ರೆ ಟ್ರಾನ್ಸ್‌ಫರ್ ಕೇಸ್ ಮೇಲೆ ಏಟು, ಅದಕ್ಕೇ ನಾಲ್ಕೂ.

ಮೂರನೇದು ಗಾಳಿ ತುಂಬೋ ಸಣ್ಣ ಕಂಪ್ರೆಸರ್, ಒಂದು ಗೇಜು. ನಾಲ್ಕೂವರೆ ಸಾವಿರ. ಕೆಸರಿಗೆ ಇಳಿಯೋ ಮುಂಚೆ ಟೈರ್ ಗಾಳಿ 20 ಪಿಎಸ್‌ಐ ಹತ್ರ ಇಳಿಸಿದ್ರೆ ಟೈರು ಅಗಲವಾಗಿ, ಅದಕ್ಕಿಂತ ಹೆಚ್ಚಾಗಿ ಉದ್ದವಾಗಿ ನೆಲ ಹಿಡಿಯುತ್ತೆ. ಟಾರು ಸೇರಿದ ಮೇಲೆ ಮತ್ತೆ ತುಂಬ್ಲೇಬೇಕು. ತುಂಬೋ ದಾರಿ ಇಲ್ಲದೆ ಇಳಿಸೋದು ಅಪಾಯ.

ನಾಲ್ಕನೇದು ಛಾಸಿಗೆ ಬೋಲ್ಟ್ ಆಗೋ ಗಟ್ಟಿ ಕೊಕ್ಕೆ ಹಿಂದೆ ಮುಂದೆ, ಒಂದು ಚಪ್ಪಟೆ ಬೆಲ್ಟು, ಎರಡು ಶ್ಯಾಕಲ್. ಏಳು ಸಾವಿರ. ಟ್ರ್ಯಾಕ್ಟರ್ ನಿಧಾನಕ್ಕೆ ಎಳೆಯೋದ್ರಿಂದ ರಬ್ಬರಿನಂತೆ ಹಿಗ್ಗೋ ದುಬಾರಿ ಹಗ್ಗ ಬೇಕಾಗ್ಲಿಲ್ಲ. ಟ್ರೈಲರ್ ಸಿಕ್ಕಿಸೋ ಗುಂಡಿಗೆ ಹಗ್ಗ ಹಾಕಿ ಯಾವತ್ತೂ ಎಳೆಸ್ಬೇಡಿ. ಅದು ಕಿತ್ತು ಬಂದ್ರೆ ಗುಂಡೇಟೇ.

ಐದನೇದು ಯಾವ ಅಂಗಡಿ ಪಟ್ಟೀಲೂ ಇರಲ್ಲ: ಎರಡು ಟ್ರ್ಯಾಕ್ಟರ್ ಲೋಡು ಗೊಚ್ಚು ಮಣ್ಣು. ಜಾಡಿನ ದಿಬ್ಬ ಬ್ಲೇಡಲ್ಲಿ ಕೆರೆಸಿ, ಗುಂಡಿಗೆ ಇದನ್ನ ತುಂಬಿಸಿದ್ವಿ. ನಾಲ್ಕೂವರೆ ಸಾವಿರ. ಗಾಡಿ ಎತ್ತರ ಮಾಡೋ ಬದಲು ನೆಲಾನೇ ತಗ್ಗಿಸಿದ್ವಿ. ಅಕ್ಕಪಕ್ಕದ ಹೊಲದೋರ ಗಾಡೀನೂ ಈಗ ಆರಾಮಾಗಿ ಓಡಾಡ್ತಾವೆ.

ಕೊನೇದು ಒಂದೂವರೆ ಸಾವಿರದ್ದು. ದೊಡ್ಡಮ್ಮನ ಎಡಗೈಲಿ ಫಿಸ್ಟುಲಾ ಇದೆ, ಆ ಕೈಗೆ ಭಾರ ಬೀಳಬಾರ್ದು. ಎಡಬಾಗಿಲಲ್ಲಿ ಹತ್ತುವಾಗ ಡ್ಯಾಶ್‌ಬೋರ್ಡಿನ ಹಿಡಿ ಎಡಗೈಗೇ ಸಿಗೋದು. ಹಾಗಾಗಿ ಸೀಟಿನ ಹಿಂದಿನ ಕಂಬಕ್ಕೆ ಬಲಗೈಗೆ ಸಿಗೋ ಹಾಗೆ ಒಂದು ಬೆಲ್ಟಿನ ಹಿಡಿ ಕಟ್ಟಿಸಿದ್ವಿ, ಬಡಗಿ ಹತ್ರ ಮರದ ಅಗಲದ ಸ್ಟೂಲ್ ಮಾಡ್ಸಿದ್ವಿ. ಕಬ್ಬಿಣದ ಫುಟ್‌ಬೋರ್ಡ್ ಹಾಕಿಸಿದ್ರೆ ಕೆಳಗೆ ನೇತಾಡಿ ಜಾಡಿಗೆ ಬಡೀತಿತ್ತು. ಸ್ಟೂಲು ಹತ್ತಿದ ಮೇಲೆ ಗಾಡಿ ಒಳಗೆ.

ಒಟ್ಟು ಎಪ್ಪತ್ತನಾಲ್ಕೂವರೆ ಸಾವಿರ. ಉಳಿದ ಐನೂರು ಅಣ್ಣನ ಮಗನ ಜೇಬಿಗೆ :)

ಇದೇ ಪಟ್ಟಿ ಎಲ್ಲರಿಗೂ ಸರಿ ಅಂತಲ್ಲ. ನನ್ನ ಹೆಂಡತಿ ತವರು ಕೆ.ಆರ್. ನಗರದ ನಾಲೆ ಬಯಲು. ಚುಂಚನಕಟ್ಟೆ ಕಡೆ ನಾಟಿಗೆ ಹದ ಮಾಡಿದ ಗದ್ದೇಲಿ ಎಂಥಾ ಟೈರೂ ತಳ ಹುಡುಕ್ಕೊಂಡೇ ಇಳಿಯುತ್ತೆ. ಅಲ್ಲಿಗೆ ಟ್ರ್ಯಾಕ್ಟರಿನ ಕೇಜ್ ವೀಲೇ ಬೇಕು, ಜೀಪು ಬದು ಮೇಲೆ ನಿಲ್ಲೋದೇ ಬುದ್ಧಿವಂತಿಕೆ. ಬರೀ ಕೆಂಪು ಮಣ್ಣಿನೋರಿಗೆ ಹಳೇ ವಿಲ್ಲೀಸ್ ಕಾಲದ ಸಣ್ಣ ಅಗಲದ ಟೈರೇ ವಾಸಿ ಅನ್ನಿಸಬಹುದು, ಮೇಲಿನ ಜಾರು ಕತ್ತರಿಸ್ಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ.

ಹುಡುಗ ಮಾತ್ರ ಇನ್ನೂ ಬಿಟ್ಟಿಲ್ಲ. ಈಗ ಡಿಫರೆನ್ಷಿಯಲ್ ಲಾಕರ್ ಹಿಡ್ಕೊಂಡಿದಾನೆ. ಅದರಲ್ಲಿ ಅರ್ಥ ಇದೆ. ನಮ್ಮದು ಲಾಕರ್ ಇಲ್ಲದ ಗಾಡಿ. ಒಂದು ಚಕ್ರ ಜಾರೋ ಜಾಗದಲ್ಲಿ ಸಿಕ್ಕಿದ್ರೆ ತಿರುಗೋದೆಲ್ಲ ಅದೇ, ಗಟ್ಟಿ ನೆಲದ ಮೇಲಿರೋ ಚಕ್ರ ಸುಮ್ಮನೆ ನಿಂತಿರುತ್ತೆ. ಕೋಡಿ ಪಕ್ಕದ ತಗ್ಗಲ್ಲಿ ಈ ಮಳೆಗಾಲವೂ ಗಾಡಿ ನಿಂತ್ರೆ ಮುಂದಿನ ಸೊಪ್ಪಿನ ದುಡ್ಡಲ್ಲಿ ಮೊದಲ ಪಾಲು ಅದಕ್ಕೇ ಅಂತ ಅಣ್ಣ ಒಪ್ಪಿದಾರೆ. ಅಲ್ಲೀವರೆಗೆ ಪ್ರತಿ ಮಂಗಳವಾರ, ಶುಕ್ರವಾರ ಗಾಡಿ ಆ ತಗ್ಗು ದಾಟಿದ ಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡ್ಬೇಕು ಅಂತ ಮಾತಾಗಿದೆ.

ನಿಮ್ಮೂರ ದಾರೀಲಿ ಎಂಥ ಮಣ್ಣು? ಗಾಡಿ ಎಲ್ಲಿ ನಿಲ್ಲುತ್ತೆ? ಬರೀರಿ.