ಶತಶೃಂಗದ ದಾರಿಯಲ್ಲಿ ವಿದ್ಯುತ್ ಸೈಕಲ್ಲು

ಕೋಲಾರ ಪಟ್ಟಣದ ಪಶ್ಚಿಮಕ್ಕೆ ಕೋಟೆಯ ಗೋಡೆಯಂತೆ ನಿಂತಿರುವ ಬೆಟ್ಟಸಾಲನ್ನು ಶತಶೃಂಗ ಪರ್ವತವೆಂದು ಕರೆಯುತ್ತಾರೆ. ಅದರ ಮಡಿಲಲ್ಲಿ ಕಾಶಿ ವಿಶ್ವೇಶ್ವರನ ಗುಡಿಯಿದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಅಂತರಗಂಗೆ ಇಳಿಯುತ್ತಾಳೆ. ಜೀವನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಕಡು ಬೇಸಿಗೆಯಲ್ಲಿಯೂ ಬತ್ತದ ಆ ಧಾರೆಯನ್ನು ಕಂಡವರು ಕೈಮುಗಿಯದೆ ಬರುವುದಿಲ್ಲ. ಮಠದ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನಾವು ಗುರುಗಳ ಹಿಂದೆ ಈ ಬೆಟ್ಟವನ್ನು ಹತ್ತಿ, ಮೇಲಿನ ತೇರಹಳ್ಳಿಯ ಕಡೆಯ ಒಂದು ಶರಣರ ಮನೆಯಲ್ಲಿ ಪ್ರಸಾದ ಸ್ವೀಕರಿಸಿದ್ದೆವು. ಅಂದು ನಮಗೆ ಮುದ್ದೆ ಬಡಿಸಿದ ತಾಯಿಗೆ ಈಗ ಎಂಬತ್ತು ದಾಟಿದೆ. ಒಮ್ಮೆ ನೋಡಬೇಕೆಂದು ಅವರು ಹೇಳಿಕಳುಹಿಸಿದ್ದರಿಂದ ಕಳೆದ ಕಾರ್ತಿಕದಲ್ಲಿ ಮತ್ತೆ ಆ ದಾರಿ ಹಿಡಿದೆವು.

ಅವರ ಮೊಮ್ಮಗ ಬೆಟ್ಟದ ಬುಡದಲ್ಲಿ ನಮಗಾಗಿ ಕಾದಿದ್ದ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ, ವಾಸ ಪಟ್ಟಣದಲ್ಲಿ. ಅಜ್ಜಿಯೋ ಬೆಟ್ಟ ಬಿಟ್ಟು ಇಳಿಯಲೊಲ್ಲರು. ಎರಡು ವರ್ಷಗಳ ಹಿಂದೆ ಅವರು ಹಿತ್ತಲಲ್ಲಿ ಜಾರಿಬಿದ್ದು ಬೆಳಗಿನಿಂದ ಸಂಜೆಯವರೆಗೆ ಏಳಲಾರದೆ ಮಲಗಿದ್ದರಂತೆ. ಮೊಮ್ಮಗನಿಗೆ ಸುದ್ದಿ ತಿಳಿದದ್ದು ಮರುದಿನ. "ವಾರಕ್ಕೊಂದು ಸಲ ಬರ್ತಿದ್ದೆ ಬುದ್ಧಿ. ಅದು ಬರೋದಲ್ಲ ಅಂತ ಅವತ್ತು ಗೊತ್ತಾಯ್ತು" ಎಂದು ಆತ ತಲೆ ತಗ್ಗಿಸಿದ.

ಬೆಟ್ಟದ ಮೇಲಕ್ಕೆ ವಾಹನದ ರಸ್ತೆಯುಂಟು. ಆದರೆ ಅಜ್ಜಿಯ ಮನೆ ರಸ್ತೆಯಂಚಿನಲ್ಲಿಲ್ಲ. ಕೊನೆಯ ದಾರಿ ಬಂಡೆಗಳ ನಡುವಿನ ಕಾಲುದಾರಿ. ನೂರು ಕಿಲೋ ಮೀರಿದ ಮೋಟಾರುಬೈಕನ್ನು ಅಲ್ಲಿ ಎತ್ತಿ ದಾಟಿಸಲಾಗದು. ಆದುದರಿಂದ ಆತ ತನ್ನ ಹಳೆಯ ಗೇರಿನ ಸೈಕಲ್ಲಿಗೇ ಮೋಟಾರು ಕೂಡಿಸಿಕೊಂಡಿದ್ದ. ಬ್ಯಾಟರಿ ಸೇರಿ ತೂಕ ಇಪ್ಪತ್ತೆರಡು ಕಿಲೋ, ಒಬ್ಬನೇ ಹೆಗಲಿಗೇರಿಸಬಹುದು.

ಮೊದಲ ಪ್ರಯತ್ನ ಕೆಟ್ಟಿತ್ತೆಂಬುದನ್ನೂ ಆತ ಮುಚ್ಚಿಡಲಿಲ್ಲ. ಹಿಂದಿನ ಚಕ್ರದ ಗುಂಬದೊಳಗೇ ಇರುವ ಮೋಟಾರನ್ನು ತಂದು ಹಾಕಿದನಂತೆ. ಮಾಲೂರಿನ ಇಟ್ಟಿಗೆಗೂಡುಗಳ ಬಯಲಿನಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಮಣ್ಣುದಾರಿಯಲ್ಲಿ ಅದು ಸೊಗಸಾಗಿ ಓಡಿತು. ಮುಳಬಾಗಿಲಿನ ಆವಣಿಗೆ ಹೋಗಿ, ರಾಮಲಿಂಗೇಶ್ವರನ ದರ್ಶನ ಮಾಡಿ, ಬೆಟ್ಟದ ಬದಿಯ ಕಲ್ಲುದಾರಿಗೆ ತಿರುಗಿಸಿದಾಗ ಮಾತ್ರ ಏದುಸಿರು ಬಿಟ್ಟಿತು. ಕಾರಣ ಸರಳ. ಚಕ್ರದೊಳಗಿನ ಮೋಟಾರು ಚಕ್ರದ ವೇಗಕ್ಕೇ ಕಟ್ಟುಬಿದ್ದಿರುತ್ತದೆ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಂತೆ ವಿದ್ಯುತ್ತು ಚಲನೆಯಾಗದೆ ಬಿಸಿಯಾಗಿ ಪೋಲಾಗುತ್ತದೆ. ಸಾಲದ್ದಕ್ಕೆ, ಅಚ್ಚನ್ನು ತಿರುಗದಂತೆ ಹಿಡಿಯುವ ಉಕ್ಕಿನ ಪಟ್ಟಿಯನ್ನು ಹಾಕಿರಲಿಲ್ಲ. ಅಚ್ಚೇ ತಿರುಗಿ ತಂತಿ ಹರಿದುಹೋಯಿತು. ಸೈಕಲ್ಲನ್ನು ತಳ್ಳಿಕೊಂಡು ಮರಳಿದ.

ಈಗಿನ ಮೋಟಾರು ಇರುವುದು ಪೆಡಲಿನ ಅಚ್ಚಿನ ಬಳಿ. ಅದರ ಬಲ ಸರಪಣಿಯ ಮೂಲಕ ಹಿಂದಿನ ಹಲ್ಲುಚಕ್ರಗಳಿಗೆ ಹೋಗುವುದರಿಂದ, ಏರು ಬಂದಾಗ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸಿದರೆ ಮೋಟಾರು ತನ್ನ ವೇಗದಲ್ಲೇ ತಿರುಗುತ್ತ ಚಕ್ರಕ್ಕೆ ಹೆಚ್ಚು ಬಲ ಕೊಡುತ್ತದೆ. ಸರಪಣಿ ಬೇಗ ಸವೆಯುವುದೊಂದು ದೋಷ.

ಲೆಕ್ಕವನ್ನೂ ನೋಡೋಣ. ಸವಾರ, ಸೈಕಲ್ಲು, ಸಾಮಾನು ಸೇರಿ ನೂರು ಕಿಲೋ ಇರಲಿ. ಹತ್ತು ಅಡಿಗೆ ಒಂದಡಿ ಏರುವ ಒರಟು ದಾರಿಯಲ್ಲಿ ಗಂಟೆಗೆ 8 ಕಿಲೋಮೀಟರ್ ಸಾಗಲು ಸುಮಾರು 280 ವ್ಯಾಟ್ ಬಲ ಬೇಕು. ದುಡಿದು ಬಂದ ಕಾಲಿಗೆ ಅಷ್ಟು ಹೊತ್ತು ಅದು ಅಸಾಧ್ಯ. ಮೂರರಲ್ಲಿ ಎರಡು ಪಾಲನ್ನು ಮೋಟಾರು ಹೊತ್ತರೆ ಉಳಿದುದು ಸಾಧ್ಯ. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಮುನ್ನೂರು ಮೀಟರ್ ಎತ್ತರ ಏರಲು 82 ಸಾಕು. ದಾರಿಯ ಘರ್ಷಣೆ, ಬಿಸಿಯ ನಷ್ಟ ಸೇರಿ ಅದರ ಎರಡರಷ್ಟಾದರೂ ಅರ್ಧ ಬ್ಯಾಟರಿ ಉಳಿಯುತ್ತದೆ. ಮನೆಯ ವಿದ್ಯುತ್ತಿನ ಲೆಕ್ಕದಲ್ಲಿ ಇದು ಕಾಲು ಯೂನಿಟ್ಟಿಗೂ ಕಡಿಮೆ.

ಈ ಲೆಕ್ಕ ಕೇಳುವಾಗ ನಮಗೆ ನೆನಪಾದದ್ದು ಇದೇ ಜಿಲ್ಲೆಯ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದಿಂದ ನೂರನಲವತ್ತು ಕಿಲೋಮೀಟರಿಗೂ ಮಿಕ್ಕಿದ ದೂರ ತಂತಿ ಎಳೆದು ಆ ಗಣಿಗಳಿಗೆ ವಿದ್ಯುತ್ತು ತಂದರು. 2001ರಲ್ಲಿ ಗಣಿ ಮುಚ್ಚಿತು. ಅಂದು ಚಿನ್ನಕ್ಕಾಗಿ ಪಾತಾಳಕ್ಕಿಳಿದ ಶಕ್ತಿ ಇಂದು ಒಬ್ಬ ಹುಡುಗನನ್ನು ಅಜ್ಜಿಯ ಬಳಿಗೆ ಬೆಟ್ಟ ಹತ್ತಿಸುತ್ತಿದೆ.

ಆದರೂ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು. "ಯಂತ್ರವೇ ಎಳೆಯುವುದಾದರೆ ಕಾಯಕವೆಲ್ಲಿ ಉಳಿಯಿತಪ್ಪ?" ಎಂದೆವು. ಆತ ನಮ್ಮನ್ನೇ ಸೈಕಲ್ಲಿನ ಮೇಲೆ ಕೂರಿಸಿದ. ಮಠದ ದಿನಗಳ ಅಭ್ಯಾಸ ಕಾಲಿಗೆ ಮರೆತಿರಲಿಲ್ಲ. ಪೆಡಲು ತುಳಿದಾಗ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದಂತಾಯಿತು. ತುಳಿಯುವುದನ್ನು ನಿಲ್ಲಿಸಿದೊಡನೆ ಆ ಕೈಯೂ ನಿಂತಿತು. ಪ್ರಯತ್ನವಿಲ್ಲದವನಿಗೆ ಅದು ನೆರವಾಗದು. ನಮ್ಮ ಪ್ರಶ್ನೆಯನ್ನು ನಾವೇ ಹಿಂದೆಗೆದುಕೊಂಡೆವು.

ಹೀಗೆ ಮಾಡಿಸಿಕೊಳ್ಳಬಯಸುವ ಮನೆಗಳವರಿಗೆ ನಾಲ್ಕು ಮಾತು. ಬಲಕ್ಕಿಂತ ಮೊದಲು ಬ್ರೇಕನ್ನು ನೋಡಿರಿ: ಇಳಿಜಾರಿನಲ್ಲಿ ಹೆಚ್ಚಿದ ತೂಕವನ್ನು ಹಿಡಿಯಲು ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು, ಬ್ರೇಕು ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚು ಇರಲಿ. ಕಾನೂನಿನ ಮೇರೆ ಮೀರದಿರಿ: ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಿರಬೇಕು, 25 ಕಿಲೋಮೀಟರ್ ವೇಗಕ್ಕೆ ಅದರ ನೆರವು ನಿಲ್ಲಬೇಕು. ಲಿಥಿಯಂ ಬ್ಯಾಟರಿಗೆ ರಕ್ಷಣಾ ಮಂಡಲವಿರಬೇಕು. ಅದರದೇ ಚಾರ್ಜರನ್ನು ಬಳಸಬೇಕು. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಇಡಬಾರದು. ಉಬ್ಬಿದ ಬ್ಯಾಟರಿಯನ್ನು ಮನೆಯೊಳಗೆ ಇಡಲೇಬಾರದು. ಕೊನೆಯದಾಗಿ, ಅಂತರಗಂಗೆಯ ಮೆಟ್ಟಿಲು ಭಕ್ತರ ಪಾದಗಳಿಗೆ ಮೀಸಲು. ಕಾಲುದಾರಿಯಲ್ಲಿ ಎದುರಾದವರಿಗೆ ಸೈಕಲ್ಲಿನವರೇ ಇಳಿದು ದಾರಿ ಬಿಡಬೇಕು.

ನಾವು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ತಾಯಿ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಜಗುಲಿಯ ಮೇಲೆ ಕುಳಿತಿದ್ದರು. ನಮ್ಮ ಕಾಲಿಗೆ ಬಾಗಲು ಬಂದವರನ್ನು ತಡೆದು ನಾವೇ ಕೈಮುಗಿದೆವು. ಮೊಮ್ಮಗ ಮಾತ್ರೆಯ ಪೊಟ್ಟಣವನ್ನು ಗೂಡಿನಲ್ಲಿಟ್ಟು, ಬಿಂದಿಗೆಗೆ ನೀರು ತುಂಬಿದ. ಸೈಕಲ್ಲು ಹೇಗಿದೆಯೆಂದು ತಾಯಿಯನ್ನು ಕೇಳಿದೆವು.

"ಅದೇನೋ ನಂಗೆ ತಿಳೀದು ಬುದ್ಧಿ. ಮೊದ್ಲು ಸೋಮವಾರ ಯಾವಾಗ ಬರ್ತದೆ ಅಂತ ಎಣಿಸ್ತಿದ್ದೆ. ಈಗ ಎಣಿಸೋದು ಬಿಟ್ಟಿದೀನಿ" ಎಂದರು.

ಅಂದೂ ಮುದ್ದೆಯೇ ಪ್ರಸಾದ. ಬೆಳದಿಂಗಳಿತ್ತು, ನಾವು ನಡೆದೇ ಇಳಿದೆವು.