ನಮ್ಮ ಮನೆಯ ಕರ್ನಲ್

ನಮ್ಮ ಕೊಡಗಿನಲ್ಲಿ ಕರ್ನಲರಿಗೆ ಬರವಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಹುಟ್ಟಿದ ಈ ನಾಡಿನಲ್ಲಿ ನಿವೃತ್ತ ಸೈನಿಕರಿಲ್ಲದ ಊರು ಅಪರೂಪ. ಆದುದರಿಂದ ಕಳೆದ ಮಳೆಗಾಲದಲ್ಲಿ ನಾನು "ಹೊಸದೊಂದು ಕರ್ನಲನ್ನು ಸಿದ್ಧಮಾಡುತ್ತಿದ್ದೇನೆ" ಎಂದಾಗ, ತಂದೆಯವರು ಪತ್ರಿಕೆಯಿಂದ ತಲೆಯೆತ್ತಿ, "ಯಾವ ರೆಜಿಮೆಂಟಿಗೆ?" ಎಂದು ಕೇಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಹೇಳಿದ ಕರ್ನಲ್ ಬೇರೆ. ಗಣಕಯಂತ್ರವು ಏಳುವಾಗ ಎಚ್ಚೆತ್ತು, ಅದರ ಸಕಲ ಅಂಗಗಳ ಆಡಳಿತವನ್ನೂ ವಹಿಸಿಕೊಳ್ಳುವ ತಿರುಳಿಗೆ ಆ ಹೆಸರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲಿನ ಮೂಲಬರಹವು ಎಲ್ಲರಿಗೂ ತೆರೆದಿರುವುದರಿಂದ, ಬೇಕಾದವರು ಅದನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಕಟ್ಟಿಕೊಳ್ಳಬಹುದು. ನನ್ನ ಯಂತ್ರವೋ, ಅಂಗೈಯಗಲದ ಒಂದೇ ಹಲಗೆಯ ರಾಸ್ಬೆರಿ ಪೈ.

ನಮ್ಮ ತೋಟದ ಮಳೆಯನ್ನು ತಂದೆಯವರು ದಿನವೂ ಬೆಳಿಗ್ಗೆ 8 ಗಂಟೆಗೆ ಅಳೆದು, ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವರು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದು ಮನೆಗಳನ್ನು ಒಯ್ದಮೇಲೆ, ನಮ್ಮ ಮನೆಯ ಹಿಂದಣ ಬರೆಯನ್ನು ನಾವು ನೋಡುವ ಬಗೆಯೇ ಬದಲಾಯಿತು. ದಿನವಿಡೀ ಬಿದ್ದ ಐದಿಂಚಿಗೂ ಎರಡು ಗಂಟೆಯಲ್ಲಿ ಸುರಿದ ಐದಿಂಚಿಗೂ ಪುಸ್ತಕದಲ್ಲಿ ಅಂಕಿ ಒಂದೇ. ಬರೆಗೆ ಮಾತ್ರ ಒಂದೇ ಅಲ್ಲ. ಆ ಕಾರಣ, 0.2 ಮಿಲಿಮೀಟರು ಮಳೆಗೊಮ್ಮೆ ಮಗುಚುವ ಪುಟ್ಟ ಬಟ್ಟಲಿನ ಮಾಪಕವೊಂದನ್ನು ಪೈಗೆ ಜೋಡಿಸಿದೆ.

ಆದರೆ ನನ್ನ ಪೈ 4ಕ್ಕೆ ಸ್ವಂತ ಗಡಿಯಾರವಿಲ್ಲ. ಅಂತರ್ಜಾಲವನ್ನು ಕೇಳಿ ಹೊತ್ತು ತಿಳಿಯುವುದು ಅದರ ರೂಢಿ. ಕಕ್ಕಡದ ಮಳೆಯಲ್ಲಿ ಇಲ್ಲಿ ವಿದ್ಯುತ್ತೂ ಅಂತರ್ಜಾಲವೂ ಕೈಹಿಡಿದುಕೊಂಡೇ ಹೋಗುವುವು. ಮತ್ತೆ ಎದ್ದ ಯಂತ್ರವು ತಾನು ಹಿಂದೆ ಬರೆದಿಟ್ಟ ವೇಳೆಯನ್ನೇ ಈಗಿನದೆಂದು ನಂಬಿ, ಬೆಳಗಿನ ಮಳೆಯನ್ನು ನಡುರಾತ್ರಿಯ ಲೆಕ್ಕಕ್ಕೆ ಬರೆಯುವುದು. ಗುಂಡಿಯಂಥ ಬ್ಯಾಟರಿಯಿಂದ ನಡೆಯುವ ಡಿ.ಎಸ್. 3231 ಎಂಬ ಗಡಿಯಾರವನ್ನು ತರಿಸಿದೆ. ಯಂತ್ರವು ಏಳುತ್ತಲೇ ಅದನ್ನು ನೋಡಲೆಂದು, ಅದರ ಡ್ರೈವರನ್ನು ಕರ್ನಲಿನ ಒಳಗೇ ಸೇರಿಸಿ ಕಟ್ಟಲು ನಿಶ್ಚಯಿಸಿದೆ.

ದೊಡ್ಡ ಗಣಕದಲ್ಲಿ ಕಟ್ಟಿದರೆ ಕೆಲಸ ಬೇಗ ಮುಗಿಯುವುದು. ನನ್ನಲ್ಲಿದ್ದುದು ಪೈ ಒಂದೇ. ಗಂಟೆಗಳು ಕಳೆದುವು, ಸಾಲುಗಳು ತೆರೆಯ ಮೇಲೆ ಹರಿಯುತ್ತಲೇ ಇದ್ದುವು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ನಾನು ಹೆದರಲಿಲ್ಲ, 'ಮೇಕ್' ಎಂಬ ಮೇಸ್ತ್ರಿಯು ಕಡತಗಳ ವೇಳೆಯನ್ನು ಹೋಲಿಸಿ, ಆದ ಕೆಲಸವನ್ನು ಬಿಟ್ಟು ಉಳಿದುದನ್ನಷ್ಟೇ ಮಾಡತಕ್ಕವನು. ಆದರೆ ಯಂತ್ರವು ಹಿಂದಿನ ವೇಳೆಯನ್ನು ಹಿಡಿದೇ ಎದ್ದಿತು. ಆಗತಾನೆ ಕಟ್ಟಿದ ಕಡತಗಳು ಇನ್ನೂ ಬಾರದ ಹೊತ್ತಿನಲ್ಲಿ ಹುಟ್ಟಿದವೆಂದು ಕಂಡು, ಮೇಸ್ತ್ರಿ ತಬ್ಬಿಬ್ಬಾಗಿ, ಕೆಲಸವು ಅಪೂರ್ಣವಾಗಿರಬಹುದೆಂದು ಎಚ್ಚರಿಸಿದನು. ಯಾವ ದೋಷವನ್ನು ತಿದ್ದಲು ಹೊರಟೆನೋ ಅದೇ ದೋಷವು ತಿದ್ದುವ ಕೈಯನ್ನು ಹಿಡಿಯಿತು!

"ಈಗ ಗಂಟೆಯೆಷ್ಟು, ಅಪ್ಪ?" ಎಂದೆ. ತಂದೆಯವರು ತಮ್ಮ ಹಳೆಯ ಎಚ್.ಎಂ.ಟಿ. ಕೈಗಡಿಯಾರವನ್ನು ದೀಪಕ್ಕೆ ಹಿಡಿದು ಹೇಳಿದರು. ಅದನ್ನೇ ಯಂತ್ರಕ್ಕೆ ಕೊಟ್ಟು, ಅರೆಬರೆ ಕಟ್ಟಿದುದನ್ನೆಲ್ಲ ಅಳಿಸಿ, ಮೊದಲಿನಿಂದ ಆರಂಭಿಸಿದೆ. ಮರುದಿನ, ಹಳೆಯ ಕರ್ನಲನ್ನು ತೆಗೆದುಹಾಕದೆ, ಹೊಸದನ್ನು ಬೇರೊಂದು ಹೆಸರಿನಿಂದ ಅದರ ಬದಿಗೆ ಇರಿಸಿದೆ. ಹೊಸಬನು ಏಳದಿದ್ದರೆ ಹಳಬನನ್ನು ಕರೆಯಬಹುದಷ್ಟೆ. ಹೊಸಬನು ಎದ್ದನು, ಅಂತರ್ಜಾಲವಿಲ್ಲದೆಯೇ ಸರಿಯಾದ ಹೊತ್ತನ್ನೂ ಹೇಳಿದನು.

ಮುಂದಿನ ವಾರ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ತಂದೆಯವರ ಅಳತೆ 3 ಇಂಚು 40 ಸೆಂಟು. ಯಂತ್ರದ್ದು 2 ಇಂಚು 60 ಸೆಂಟು, ಅದರಲ್ಲಿ ಬಹುಪಾಲು 2ರಿಂದ 4 ಗಂಟೆಯೊಳಗೆ.

"ಉಳಿದ 80 ಸೆಂಟು ಎಲ್ಲಿ?"

"ಆಗ ಕರೆಂಟಿರಲಿಲ್ಲ ಅಪ್ಪ, ಯಂತ್ರ ಮಲಗಿತ್ತು."

"ಕಾವಲಿನಲ್ಲಿ ನಿದ್ದೆಹೋಗುವ ಕರ್ನಲನೇ!" ಎಂದು ಅವರು ನಕ್ಕರು. ಅನಂತರ ಎದ್ದುಹೋಗಿ ಬರೆಯನ್ನು ನೋಡಿ ಬಂದು, ಪುಸ್ತಕವನ್ನು ತೆರೆದು, ತಮ್ಮ ಅಂಕಿಯ ಪಕ್ಕದಲ್ಲಿ ಒಂದು ಗೆರೆಯನ್ನೆಳೆದು, ಅದರ ತಲೆಯಲ್ಲಿ 'ಹೊತ್ತು' ಎಂದು ಬರೆದರು.