ಬೀಗ ಬೀಳೋಕಿಂತ ಮೊದಲು ಕಾಗದ ಬರ್ತದ



ಹೋದ ವರ್ಷ ಬಬಲೇಶ್ವರ ಕಡೆಯ ಅಕ್ಕ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಫೈನಾನ್ಸಿನವರು ಅವರ ಮನೆಗೆ ಬೀಗ ಹಾಕಿ ಎರಡು ತಿಂಗಳಾಗಿತ್ತು. "ಮೊದ್ಲ ಯಾಕ ಬರ್ಲಿಲ್ಲಕ್ಕಾ?" ಅಂದೆ. "ಓಣ್ಯಾಗ ಮಾನ ಹೋಗ್ತದಂತ ಯಾರಿಗೂ ಹೇಳ್ಲಿಲ್ಲೋ ತಮ್ಮಾ" ಅಂದರು. ನೋಟಿಸನ್ನ ಟ್ರಂಕಿನಾಗ ಸೀರೆಯ ಕೆಳಗೆ ಮುಚ್ಚಿಟ್ಟಿದ್ದರು. ವಕೀಲರ ಹತ್ರ ಓಡಾಡಿದೆವು, ಅರ್ಜಿ ಹಾಕುವ ಗಡುವು ದಾಟಿಹೋಗಿತ್ತು. ಆ ಅಕ್ಕ ಈಗ ವಿಜಯಪುರದಲ್ಲಿ ಬಾಡಿಗೆ ಖೋಲಿಯಲ್ಲಿದ್ದಾರೆ.

ಮೊನ್ನೆ ತಿಕೋಟಾದಿಂದ ಕಾಕಾ ಬಂದ. ದ್ರಾಕ್ಷಿ ಪಡದಾಗ ದುಡಿದು ಎರಡು ಖೋಲಿ ಕಟ್ಟಿದ ಮನುಷ್ಯ. ಕೈಯಲ್ಲಿ ಇಂಗ್ಲಿಷ್ ನೋಟಿಸು. "ನಾಳೆನ ಬಂದು ಸಾಮಾನು ಹೊರಗ ಒಗಿತೀವಂತ ವಸೂಲಿ ಹುಡುಗ ಅಂದಾನಪಾ" ಅಂದ. ತಾರೀಖು ನೋಡಿದೆ. ನೋಟಿಸು ಮುಟ್ಟಿ 17 ದಿನ ಆಗಿತ್ತು. ನನಗೆ ಹೋದ ಜೀವ ಬಂದಂಗಾತು. ಇನ್ನೂ 43 ದಿನ ಕೈಯಲ್ಲಿದ್ದವು.

ಈ ಲೆಕ್ಕ ಎಲ್ಲಿಂದ ಬಂತು? ಅಡವಿಟ್ಟ ಮನೆಯನ್ನ ಕೋರ್ಟಿಗೆ ಹೋಗದೆ ಜಪ್ತಿ ಮಾಡುವ ಅಧಿಕಾರ ಬ್ಯಾಂಕುಗಳಿಗೆ, ಮನೆ ಸಾಲದ ಕಂಪನಿಗಳಿಗೆ ಕೊಟ್ಟಿರೋದು 2002ರ ಸರ್ಫೇಸಿ ಕಾಯ್ದೆ. ಆದರೆ ಅದೇ ಕಾಯ್ದೆ ಅವರ ಕೈಯನ್ನೂ ಸ್ವಲ್ಪ ಕಟ್ಟಿದೆ. ಮೊದಲು 60 ದಿನದ ನೋಟಿಸು ಕೊಡಬೇಕು. ಅದಕ್ಕೆ ನಾವು ಆಕ್ಷೇಪಣೆ ಬರೆದರೆ 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಬೇಕು. ಸ್ವಾಧೀನಕ್ಕೆ ತಗೊಂಡರೆ 45 ದಿನದೊಳಗೆ ನಾವು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಹರಾಜಿನ ಪ್ರಕಟಣೆ ಹೊರಬೀಳೋಕಿಂತ ಮೊದಲು ಪೂರ್ತಿ ಬಾಕಿ ಕಟ್ಟಿದರೆ ಮನೆ ಮಾರುವ ಹಾಗಿಲ್ಲ. ಬಬಲೇಶ್ವರದ ಅಕ್ಕನಿಗೆ ತಪ್ಪಿದ್ದು ಆ 45 ದಿನ.

ಕಾಕಾನ ಪರವಾಗಿ ಕನ್ನಡದಾಗ ಆಕ್ಷೇಪಣೆ ಬರೆದೆವು. ಖಾತೆಯ ಪೂರ್ತಿ ವಿವರ ಕೊಡಿ, ದಂಡ ಎಷ್ಟು, ಯಾಕ ಅಂತ ಕೇಳಿದೆವು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆವು. ವಿವರ ಬಂತು. ದಂಡವನ್ನ ಬಡ್ಡಿಗೆ ಸೇರಿಸಿ, ಅದರ ಮೇಲೂ ಬಡ್ಡಿ ಹಾಕಿದ್ದರು. ಹಂಗ ಮಾಡಬಾರದು ಅಂತ ಆರ್‌ಬಿಐ 2023ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಅದನ್ನ ತೋರಿಸಿದ ಮೇಲೆ ಆ ಮೊತ್ತ ತೆಗೆದರು, ಹಳೆ ಬಾಕಿಗೆ ಕಂತು ಮಾಡಿಕೊಟ್ಟರು. ಸಾಲ ಮನ್ನಾ ಆಗಿಲ್ಲ. ಕಾಕಾ ತನ್ನ ಮನೆಯಲ್ಲೇ ಮಲಗ್ತಾನೆ, ಅಷ್ಟೇ.

ಇದನ್ನ ಬರೆಯುವ ನಾನೇನು ಭಾಳ ಶಾಣ್ಯಾ ಅಲ್ಲ. ದಿನಾ ಆಫೀಸಿನಲ್ಲಿ ಮಂದಿಗೆ "ಓದಿ ಸಹಿ ಮಾಡ್ರಿ, ಸ್ವೀಕೃತಿ ಇಟ್ಕೊಳ್ರಿ" ಅಂತ ಹೇಳುವ ಗುಮಾಸ್ತ. ನನ್ನ ಸ್ವಂತ ಸಾಲಕ್ಕೆ ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲಾ ಕಣ್ಣು ಮುಚ್ಚಿ ಸಹಿ ಮಾಡಿದ್ದೆ. ಬಿ.ಎ. ಓದಿದವನ ಗತಿ ಇದು. ಹೆಬ್ಬೆಟ್ಟು ಒತ್ತುವ ಅವ್ವಂದಿರಿಗೆ ಏನಂತ ಹೇಳೋದು?

ಅದಕ್ಕೇ ಇನ್ನೊಂದು ಮಾತು. 2024ರ ಅಕ್ಟೋಬರ್ 1ರಿಂದ ಹೊಸ ಮನೆ ಸಾಲಕ್ಕೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಅನ್ನೋ ಕಾಗದ ಕೊಡಲೇಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಎಲ್ಲ ಖರ್ಚು ಸೇರಿ ವರ್ಷಕ್ಕೆ ಬಡ್ಡಿ ಎಷ್ಟು ಬೀಳ್ತದ ಅನ್ನೋದು ಅದರಲ್ಲಿರಬೇಕು. ಅದರಲ್ಲಿಲ್ಲದ ಶುಲ್ಕವನ್ನ ನಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕನ್ನಡದಾಗ ಕೊಡ್ರಿ ಅಂತ ಕೇಳ್ರಿ. ಅದು ಭಿಕ್ಷೆ ಅಲ್ಲ.

ಮೈಕ್ರೋಫೈನಾನ್ಸ್ ಗುಂಪಿನ ಸಾಲದ ಮಾತು ಬೇರೆ. ಆರ್‌ಬಿಐ ನಿಯಮದ ಪ್ರಕಾರ ಅದಕ್ಕೆ ಅಡಮಾನವೇ ಇಲ್ಲ. ಆ ಸಾಲಕ್ಕೆ ಮನೆಗೆ ಬೀಗ ಹಾಕೋಕೆ ಬಂದರೆ ಸೀದಾ ಪೊಲೀಸ್ ಠಾಣೆಗೆ ಹೋಗ್ರಿ. ಕಿರುಕುಳ ತಡೆಯೋಕೆ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ ನಿಜ, ಆದರೆ ಅಡವಿಟ್ಟ ಮನೆಯ ಹರಾಜನ್ನ ಅದು ನಿಲ್ಲಿಸ್ತದ ಅಂತ ನಂಬಿ ಕೂರಬ್ಯಾಡ್ರಿ.

ನನಗೆ ಸಿಟ್ಟು ಬರೋದು ಇಲ್ಲಿ: ಡಿಆರ್‌ಟಿ ಇರೋದು ಬೆಂಗಳೂರಿನಾಗ. 500 ಕಿಲೋಮೀಟರಿಗೂ ದೂರ. ಕೂಲಿ ಬಿಟ್ಟು, ವಕೀಲರ ಫೀ ಹೊಂದಿಸಿ ಅಲ್ಲಿಗೆ ಮುಟ್ಟೋದರೊಳಗೆ ದಿನ ಮುಗೀತಾವ. ಜಿಲ್ಲೆಯಲ್ಲಿ ನೋಟಿಸು ಹಚ್ಚೋಕೆ ಬರ್ತದ, ನ್ಯಾಯ ಕೇಳೋಕೆ ಮಾತ್ರ ರಾಜಧಾನಿಗೆ ಹೋಗಬೇಕು. ಕಲಬುರಗಿಯಲ್ಲೋ, ಧಾರವಾಡದಲ್ಲೋ ಒಂದು ಪೀಠ ಬೇಕು ಅಂತ ನಾವು ಕೇಳಲೇಬೇಕು.

ಅಲ್ಲೀತನಕ ಕೈಯಲ್ಲಿರೋದನ್ನ ಬಿಡಬ್ಯಾಡ್ರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಎಲ್ಲ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರನ್ನ ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ರಿ, ಇಲ್ಲಾ 15100ಕ್ಕೆ ಫೋನ್ ಹಚ್ಚಿರಿ.

ಸಾಲ ಮಾಡೋದು ಮಾನ ಹೋಗುವ ಕೆಲಸ ಅಲ್ಲ. ನೋಟಿಸು ಬಂದ ದಿನವೇ ಅದರ ಮೇಲೆ ತಾರೀಖು ಬರೀರಿ, ಓದೋಕೆ ಬರೋರ ಮುಂದೆ ಇಡ್ರಿ. ಸೀರೆಯ ಕೆಳಗೆ ಇಡಬ್ಯಾಡ್ರಿ.

ಜೈ ಭೀಮ್.